ಗ್ಯಾಲರಿ ಇಲ್ಲದ ಎರಡು ವರ್ಷ: ಒಬ್ಬ ಕೋಶಾಧಿಕಾರಿಯ ಲೆಕ್ಕ

ನಮ್ಮದು ಪುತ್ತೂರು ಕಡೆಯ ಒಂದು ಸಣ್ಣ ಕಬಡ್ಡಿ ಕ್ಲಬ್. ನಾನು ಅದರ ಕೋಶಾಧಿಕಾರಿ. ದೊಡ್ಡ ಆಟಗಾರನೇನಲ್ಲ. ಕಾಲೇಜಿನಲ್ಲಿ ಒಂದು ವರ್ಷ ಕಾರ್ನರ್‌ನಲ್ಲಿ ಆಡಿ ಮೊಣಕಾಲು ಕೆಡಿಸಿಕೊಂಡವನು. ಲೆಕ್ಕ ಬರೆಯಲು ಬರುತ್ತದೆ ಅಂತ 2016ರಲ್ಲಿ ರಸೀದಿ ಪುಸ್ತಕ ಕೈಗೆ ಕೊಟ್ಟರು. ಇನ್ನೂ ವಾಪಸ್ ತೆಗೆದುಕೊಂಡಿಲ್ಲ.

ವರ್ಷಕ್ಕೊಂದು ಹೊನಲು ಬೆಳಕಿನ ಪಂದ್ಯಾಟ ಮಾಡುತ್ತೇವೆ. ಶನಿವಾರ ಸಂಜೆ ಶುರುವಾದರೆ ಫೈನಲ್ ಮುಗಿಯುವಾಗ ಭಾನುವಾರ ಬೆಳಕು ಹರಿದಿರುತ್ತದೆ. ಆ ಒಂದು ರಾತ್ರಿಯಲ್ಲಿ ಉಳಿದ ದುಡ್ಡು, ಮತ್ತೆ ಕ್ಲಬ್ ಕಟ್ಟಡದ ಒಂದು ಅಂಗಡಿ ಕೋಣೆಯ ಬಾಡಿಗೆ ತಿಂಗಳಿಗೆ 3,000. ಇಷ್ಟರಲ್ಲೇ ಜೆರ್ಸಿ, ಹುಡುಗರ ಬಸ್ ಖರ್ಚು, ಕರೆಂಟ್ ಬಿಲ್ಲು, ಕಟ್ಟಡದ ಸಾಲದ ಕಂತು 3,600, ಎಲ್ಲ ಆಗಬೇಕು. ಸಾಲ ಕ್ಲಬ್ಬಿನದ್ದು, ಜಾಮೀನು ಸಹಿ ಮಾತ್ರ ಅಧ್ಯಕ್ಷರದ್ದು ಮತ್ತು ನನ್ನದು.

2020ರ ಪಂದ್ಯಾಟಕ್ಕೆ ಮಾರ್ಚ್ 28ರ ಶನಿವಾರ ಗೊತ್ತು ಮಾಡಿದ್ದೆವು. ಮಾರ್ಚ್ 13ಕ್ಕೆ ಸರ್ಕಾರ ಮಾಲ್, ಸಿನಿಮಾ ಮಂದಿರಗಳ ಜೊತೆ ಜನ ಸೇರುವ ಕಾರ್ಯಕ್ರಮಗಳನ್ನೂ ಒಂದು ವಾರ ನಿಲ್ಲಿಸಿತು. ಒಂದೇ ವಾರ ಅಲ್ವಾ, 28ಕ್ಕೆ ಎಲ್ಲ ಸರಿಯಾಗಿರುತ್ತದೆ ಅಂತ ನಾನು ಪೋಸ್ಟರ್ ಪ್ರಿಂಟಿಗೆ ಕೊಟ್ಟೆ. 24ರ ರಾತ್ರಿ ಪ್ರಧಾನಿ ಟಿವಿಯಲ್ಲಿ 21 ದಿನದ ಲಾಕ್‌ಡೌನ್ ಹೇಳುವಾಗ ಆ ಪೋಸ್ಟರ್ ಕಟ್ಟುಗಳು ನನ್ನ ಮನೆಯ ಚಾವಡಿಯಲ್ಲೇ ಇದ್ದವು.

ಅಷ್ಟು ಹೊತ್ತಿಗೆ ಖರ್ಚಾದದ್ದು ಇಷ್ಟು: ಗ್ಯಾಲರಿಗೆ, ಅಂದರೆ ಜನ ಕೂತು ನೋಡಲು ಕಟ್ಟುವ ಮೆಟ್ಟಿಲು ಸಾಲಿಗೆ, ಮುಂಗಡ 30,000, ಲೈಟಿಂಗ್‌ಗೆ 20,000, ಮ್ಯಾಟ್‌ಗೆ 15,000, ಟ್ರೋಫಿಗೆ 22,000, ಪೋಸ್ಟರಿಗೆ 18,000. ಒಟ್ಟು 1,05,000. ದಾನಿಗಳಿಂದ ಬಂದದ್ದು 1,40,000. ಕೈಯಲ್ಲಿ 35,000 ಉಳಿದಿತ್ತು. ಟ್ರೋಫಿಗಳ ಮೇಲೆ ‘2020’ ಅಂತ ಕೆತ್ತಿಸಿ ಆಗಿತ್ತು.

ಲಾಕ್‌ಡೌನಿನ ಮೊದಲ ವಾರ ಮಾಡಲು ಕೆಲಸವಿಲ್ಲದೆ ನಾನು 2019ರ ಲೆಕ್ಕ ತೆಗೆದು ಕೂತೆ. ಪ್ರತಿ ಸಾಲಿನ ಮುಂದೆ ಪೆನ್ಸಿಲ್ ಹಿಡಿದು ಒಂದೇ ಪ್ರಶ್ನೆ ಕೇಳಿಕೊಂಡೆ: ಜನ ಬರದಿದ್ದರೆ ಈ ದುಡ್ಡು ಬರುತ್ತದಾ?

ಅಲ್ಲಿಯವರೆಗೆ ನನ್ನ ತಲೆಯಲ್ಲಿ ಇದ್ದದ್ದು, ಜನ ಬರದಿದ್ದರೆ ಟಿಕೆಟ್ ದುಡ್ಡು ಹೋಗುತ್ತದೆ ಅಂತ ಮಾತ್ರ. ಟಿಕೆಟ್ ಅಂದರೆ ಗ್ಯಾಲರಿಗೆ ನೂರು ರೂಪಾಯಿ, ಕೆಳಗೆ ನಿಂತು ನೋಡುವವರಿಗೆ ಪುಕ್ಕಟೆ. 2019ರಲ್ಲಿ ಅದರಿಂದ ಬಂದದ್ದು 62,000. ಒಟ್ಟು ಆದಾಯ 4,13,000. ಹಾಗಾದರೆ ಉಳಿದದ್ದು? ಚರುಮುರಿ, ಐಸ್‌ಕ್ರೀಂ, ಗೋಳಿಬಜೆ ಅಂಗಡಿಗಳ ಜಾಗದ ಏಲಂ 38,000. ಜನ ಇಲ್ಲದಿದ್ದರೆ ಯಾರು ಏಲಂ ಕೂಗುತ್ತಾರೆ? ಲಕ್ಕಿ ಕೂಪನ್ 54,000. ಅದರಲ್ಲಿ ಜಾಸ್ತಿ ಪಾಲು ಆವತ್ತು ರಾತ್ರಿ ಮೈದಾನದಲ್ಲೇ ಮಾರಾಟವಾಗುವಂಥದ್ದು. ಇನ್ನು ದೊಡ್ಡ ಗಂಟು, ದಾನಿಗಳ ಮತ್ತು ಜಾಹೀರಾತಿನ 2,35,000. ಅದು ಕಬಡ್ಡಿಯ ಪ್ರೀತಿಗೆ ಬರುವ ದುಡ್ಡು ಅಂತ ನಾವು ನಂಬಿದ್ದೆವು. ಪ್ರೀತಿ ಇಲ್ಲ ಅಂತಲ್ಲ. ಆದರೆ ರಾತ್ರಿ ಹನ್ನೊಂದಕ್ಕೆ, ಸೆಮಿಫೈನಲ್‌ಗೆ ಮೊದಲು, ತುಂಬಿದ ಮೈದಾನದ ಎದುರು ವೇದಿಕೆಗೆ ಕರೆದು ಶಾಲು ಹೊದಿಸಿ ಮೈಕಿನಲ್ಲಿ ಮೂರು ಸಲ ಹೆಸರು ಹೇಳುತ್ತೇವಲ್ಲ, ದುಡ್ಡು ಅದಕ್ಕೆ. ನಾವು ಮಾರುತ್ತಿದ್ದದ್ದು ಆಟವನ್ನಲ್ಲ, ಜನರನ್ನು. ಪೆನ್ಸಿಲಿನಲ್ಲಿ ಗೀಟು ಹಾಕುತ್ತಾ ಹೋದಾಗ ಉಳಿದದ್ದು ತಂಡಗಳ ಪ್ರವೇಶ ಶುಲ್ಕ 24,000 ಒಂದೇ. ಪಂದ್ಯಾಟವೇ ಇಲ್ಲದಿದ್ದರೆ ಅದೂ ಇಲ್ಲ.

ಮೊದಲು ಮಾಡಿದ ಕೆಲಸ, ಗ್ಯಾಲರಿಯವರಿಗೆ ಫೋನ್ ಮಾಡಿ ಮುಂಗಡ ವಾಪಸ್ ಕೇಳಿದ್ದು. ಸ್ವಲ್ಪ ಜೋರಾಗಿಯೇ ಕೇಳಿದೆ. “ಅಣ್ಣಾ, ಜಾತ್ರೆ ಇಲ್ಲ, ಯಕ್ಷಗಾನ ಇಲ್ಲ, ಪಂದ್ಯಾಟ ಇಲ್ಲ. ಹದಿನಾಲ್ಕು ಜನ ಕೆಲಸದವರು ಇದ್ದಾರೆ. ನೀವು ಕೊಟ್ಟದ್ದು ಅವರ ಅಕ್ಕಿಗೆ ಹೋಯಿತು” ಅಂದರು. ನಮ್ಮ ಕಡೆ ಇಂಥವರ ದುಡಿಮೆ ನವೆಂಬರಿನಿಂದ ಮೇ ತನಕ ಮಾತ್ರ. ಮಳೆ ಬಂದರೆ ಮುಗಿಯಿತು. ನನಗೆ ನಾಚಿಕೆಯಾಯಿತು. ಮುಂದಿನ ಪಂದ್ಯಾಟಕ್ಕೆ ಹೊಂದಿಸಿಕೊಳ್ಳುವುದು, ದರ ಏರಿಸುವುದಿಲ್ಲ ಅಂತ ಮಾತಾಯಿತು. ಲೈಟಿಂಗ್, ಮ್ಯಾಟಿನವರ ಜೊತೆಗೂ ಹಾಗೇ. ಮಾತನ್ನು ಎರಡು ಸಾಲು ವಾಟ್ಸಾಪ್‌ನಲ್ಲಿ ಬರೆದು ಅವರಿಂದ ‘ಸರಿ’ ಅಂತ ಉತ್ತರ ತರಿಸಿಕೊಂಡೆ. ಎರಡು ವರ್ಷ ಕಳೆದ ಮೇಲೆ ಆ ‘ಸರಿ’ ತುಂಬ ಉಪಯೋಗಕ್ಕೆ ಬಂತು.

ದಾನಿಗಳು 31 ಜನ. ಒಬ್ಬೊಬ್ಬರಿಗೂ ನಾನೇ ಫೋನ್ ಮಾಡಿದೆ. ವಾಪಸ್ ಬೇಕಾ, ಮುಂದಿನ ವರ್ಷಕ್ಕೆ ಇರಲಾ, ಅಂತ ನೇರವಾಗಿ ಕೇಳಿದೆ. ಅಧ್ಯಕ್ಷರಿಗೆ ಇದು ಇಷ್ಟವಿರಲಿಲ್ಲ. “ನೀನು ಕೇಳಿದರೆ ಅಲ್ವಾ ಮಾರಾಯ ಅವರಿಗೆ ನೆನಪಾಗುವುದು” ಅಂದರು. ಐದು ಜನ ವಾಪಸ್ ಕೇಳಿದರು, 27,500. ಅದೇ ದಿನ ಕಳಿಸಿದೆ. ಅದರಲ್ಲಿ ಒಬ್ಬರು ಮುಂಬೈಯಲ್ಲಿ ಹೋಟೆಲ್ ಇಟ್ಟವರು, ಬಾಗಿಲು ಹಾಕಿ ಊರಿಗೂ ಬರಲಾಗದೆ ಕೂತಿದ್ದರು. ಇನ್ನೊಬ್ಬ ದುಬೈಯಲ್ಲಿದ್ದ ಹುಡುಗ. ಹೊರದೇಶದಲ್ಲಿ ಸಿಕ್ಕಿಕೊಂಡವರನ್ನು ಕರೆತರುವ ಮೊದಲ ವಂದೇ ಭಾರತ್ ವಿಮಾನ ಮೇ 12ಕ್ಕೆ ಮಂಗಳೂರಿಗೆ ಬಂತಲ್ಲ, ಅದರ ನಂತರದ ಒಂದರಲ್ಲಿ ಕೆಲಸ ಬಿಟ್ಟು ಬಂದ. 2022ರಲ್ಲಿ ಆ ಐವರಲ್ಲಿ ನಾಲ್ವರು ಮೊದಲಿಗಿಂತ ಜಾಸ್ತಿ ಕೊಟ್ಟರು.

ಕೈಯಲ್ಲಿ ಉಳಿದದ್ದು 7,500. ಅಂಗಡಿ ಕೋಣೆಯಲ್ಲಿದ್ದದ್ದು ಸೆಲೂನ್, ಅದೂ ಬಂದ್. ಎರಡು ತಿಂಗಳ ಬಾಡಿಗೆ ಬಿಟ್ಟೆವು. ಸಾಲದ ಕಂತಿಗೆ ರಿಸರ್ವ್ ಬ್ಯಾಂಕ್ ಹೇಳಿದ ಆರು ತಿಂಗಳ ವಿನಾಯಿತಿ ಸಿಕ್ಕಿತು. ಇಲ್ಲಿ ನಾನು ಎಡವಿದೆ. ಕಂತು ನಿಂತಿತು, ಬಡ್ಡಿ ನಿಲ್ಲಲಿಲ್ಲ. ಆಗಸ್ಟ್ ಕಳೆದ ಮೇಲೆ ಬ್ಯಾಂಕಿನವರು ಚೀಟಿ ಕೊಟ್ಟಾಗಲೇ ಗೊತ್ತಾದದ್ದು. ಕೈಯಿಂದ ಹಾಕಿ ಬಡ್ಡಿಯನ್ನಾದರೂ ಕಟ್ಟುತ್ತಾ ಹೋಗಬೇಕಿತ್ತು.

ತಿಂಗಳಿಗೆ ನೂರು ರೂಪಾಯಿ ವಂತಿಗೆ ಅಂತ ಒಂದು ಯೋಜನೆ ಮಾಡಿದೆವು. 83 ಜನ ಸೇರಿದರು. ಆರು ತಿಂಗಳಲ್ಲಿ 40ಕ್ಕೆ ಇಳಿಯಿತು. ಯಾರಿಗೂ ನೂರು ರೂಪಾಯಿ ಕಷ್ಟವಲ್ಲ, ಪ್ರತಿ ತಿಂಗಳು ನೆನಪಿಸುವ ನನ್ನ ಮೆಸೇಜ್ ಕಷ್ಟ.

ಇನ್ನು ನನ್ನ ದೊಡ್ಡ ತಪ್ಪಿನ ಕಥೆ. ಐಪಿಎಲ್ ಯುಎಇಯಲ್ಲಿ ಜನರಿಲ್ಲದೆ ನಡೆಯಿತು. ಫುಟ್‌ಬಾಲಿನ ಐಎಸ್‌ಎಲ್ ಗೋವಾದಲ್ಲಿ ಹಾಗೇ ನಡೆಯುತ್ತಿತ್ತು. ನಾವೂ ಯಾಕೆ ಮಾಡಬಾರದು ಅಂತ ಹುಡುಗರು ಹಿಡಿದರು. ನಾನು ಹೂಂ ಅಂದೆ. 2021ರ ಜನವರಿಯಲ್ಲಿ ಎಂಟು ತಂಡ, ಹಗಲು ಹೊತ್ತು, ಯೂಟ್ಯೂಬ್‌ನಲ್ಲಿ ಲೈವ್. ಗ್ಯಾಲರಿ ಇಲ್ಲ, ಲೈಟ್ ಇಲ್ಲ, ಖರ್ಚು ಉಳಿಯಿತು ಅಂದುಕೊಂಡೆವು. ಆದರೂ ಬಹುಮಾನ, ಅಂಪೈರ್, ಊಟ, ಎರಡು ಕ್ಯಾಮೆರಾದ ಲೈವ್‌ಗೆ 18,000, ಮ್ಯಾಟಿನ ಬಾಕಿ ಎಲ್ಲ ಸೇರಿ ಒಂದು ಲಕ್ಷ ಆಯಿತು.

ಬಂದದ್ದು? ಪ್ರವೇಶ ಶುಲ್ಕ 12,000. ಪರದೆಯ ಮೂಲೆಯಲ್ಲಿ ಕ್ಯೂಆರ್ ಕೋಡ್ ಹಾಕಿದ್ದೆವು, ಅದಕ್ಕೆ 11,340. ಲೈವ್ ಜಾಹೀರಾತು 31,000. ಪ್ರತಿ ವರ್ಷ ಹತ್ತು ಸಾವಿರ ಕೊಡುವ ಒಬ್ಬರು ಈ ಸಲ ಎರಡು ಕೊಟ್ಟು ಹೇಳಿದರು: “ಮೊಬೈಲಿನಲ್ಲಿ ನನ್ನ ಹೆಸರು ಓಡಿದರೆ ನನ್ನ ಹೆಂಡತಿಯೂ ನೋಡುವುದಿಲ್ಲ.” ನಷ್ಟ 45,660. ಅಧ್ಯಕ್ಷರು 30,000 ಹಾಕಿದರು, ಮಿಕ್ಕಿದ್ದು ನಾನು.

ಟಿವಿ ಇರುವ ಲೀಗ್‌ನ ಲೆಕ್ಕವೇ ಬೇರೆ ಅಂತ ನನಗೆ ಮೊದಲೇ ಹೊಳೆಯಬೇಕಿತ್ತು. 2018ರಿಂದ 2022ರ ತನಕದ ಐಪಿಎಲ್ ಪ್ರಸಾರದ ಹಕ್ಕು ಹೋದದ್ದು 16,347.5 ಕೋಟಿಗೆ. ಅಲ್ಲಿ ಗೇಟಿನ ದುಡ್ಡು ಉಪ್ಪಿನಕಾಯಿ ಇದ್ದ ಹಾಗೆ. ನಮಗೆ ಅದೇ ಅನ್ನ.

ಆಟವೂ ಏನೋ ಒಂಥರಾ ಇತ್ತು. ಹದಿಮೂರು ಮೀಟರ್ ಉದ್ದದ ಮ್ಯಾಟ್, ಸುತ್ತ ಖಾಲಿ. ನಮ್ಮ ರೈಡರ್ ಒಬ್ಬ ಆಮೇಲೆ ಹೇಳಿದ, “ಕಬಡ್ಡಿ ಕಬಡ್ಡಿ ಅಂತ ನಾನು ಹೇಳುವುದು ನನಗೇ ಕೇಳಿಸಿದ್ದು ಇದೇ ಮೊದಲು ಅಣ್ಣ.” ಜನ ಬರಬಾರದು ಅಂತ ಗೇಟಿಗೆ ಬೀಗ ಹಾಕಿದ್ದೆವು. ಮಧ್ಯಾಹ್ನದ ಹೊತ್ತಿಗೆ ಶಾಲೆಯ ಹಿಂದಿನ ಗುಡ್ಡದಲ್ಲಿ ಐವತ್ತು ಜನ ಇದ್ದರು. ಅವರನ್ನು ಇಳಿಸಲು ಹೋದವನು ನಾನು. ಜನರಿಲ್ಲದೆ ಸಾಯುತ್ತಿರುವ ಕ್ಲಬ್ಬಿನ ಕೋಶಾಧಿಕಾರಿ, ಬಂದ ಜನರನ್ನು ಓಡಿಸಿದೆ.

ನಮ್ಮನ್ನು ಉಳಿಸಿದ್ದು ಅಡಿಕೆ. 2021ರಲ್ಲಿ ಎಲ್ಲ ಕಡೆ ದುಡ್ಡಿಗೆ ಬರವಾದರೂ ಅಡಿಕೆಗೆ ಮಾತ್ರ ಒಳ್ಳೆ ರೇಟು. ಮಳೆಗಾಲದ ಕೊನೆಗೆ ಹಳೆ ಅಡಿಕೆ ಕೆಜಿಗೆ 500 ರೂಪಾಯಿ ದಾಟಿತು. ದುಡ್ಡು ಕೇಳಿದರೆ ಜನ ಯೋಚನೆ ಮಾಡುತ್ತಾರೆ. ಅಡಿಕೆ ಕೇಳಿದರೆ ಗೋಣಿ ಬಿಚ್ಚುತ್ತಾರೆ. ಮನೆಗೆ ಎರಡು ಕೆಜಿ ಅಂತ ಕೇಳಿದೆವು. ಹುಡುಗರು ಎರಡು ಭಾನುವಾರ ಜೀಪಿನಲ್ಲಿ 64 ಮನೆ ತಿರುಗಿದರು. 131 ಕೆಜಿ ಆಯಿತು. ಕೆಲವರು ಪಟೋರ, ಕೋಕ ಅಂತ ಕಡಿಮೆ ದರ್ಜೆಯ ಅಡಿಕೆ ಎಲ್ಲ ಬೆರೆಸಿ ಕೊಟ್ಟಿದ್ದರು, ಯಾರು ಅಂತ ನನಗೆ ಗೊತ್ತು, ಇರಲಿ. ಒಟ್ಟು 56,330 ರೂಪಾಯಿ ಸಿಕ್ಕಿತು. ಜನವರಿಯ ನಷ್ಟ ತೀರಿ ಹತ್ತು ಸಾವಿರ ಮಿಕ್ಕಿತು. ಈಗ ವಂತಿಗೆಯನ್ನೂ ಬದಲಾಯಿಸಿದ್ದೇವೆ: ತಿಂಗಳಿಗೆ ನೂರು ಬೇಡ, ವರ್ಷಕ್ಕೆ ಒಂದೇ ಸಲ ಸಾವಿರ, ಅಡಿಕೆ ಕೊಡುವ ಸಮಯಕ್ಕೆ.

ಆ ಡಿಸೆಂಬರಿನಿಂದ ಪ್ರೊ ಕಬಡ್ಡಿಯ ಎಂಟನೇ ಸೀಸನ್ ಬೆಂಗಳೂರಿನ ವೈಟ್‌ಫೀಲ್ಡ್‌ನ ಒಂದೇ ಹೋಟೆಲಿನಲ್ಲಿ, ಪ್ರೇಕ್ಷಕರಿಲ್ಲದೆ ನಡೆಯಿತು. ಪಟ್ನಾ ಪೈರೇಟ್ಸ್‌ಗೆ ನಮ್ಮ ದಕ್ಷಿಣ ಕನ್ನಡದ ಪ್ರಶಾಂತ್ ಕುಮಾರ್ ರೈ ನಾಯಕ. ಫೆಬ್ರವರಿ 25ರ ಫೈನಲ್‌ನಲ್ಲಿ ಪಟ್ನಾ ವಿರುದ್ಧ ಡೆಲ್ಲಿ 37–36ರಲ್ಲಿ ಗೆದ್ದಿತು. ಕ್ಲಬ್ಬಿನಲ್ಲಿ ಕೂತು ನೋಡಿದ ನಾವು ಇಪ್ಪತ್ತು ಜನ ಮಾಡಿದ ಗಲಾಟೆ ಆ ಹಾಲ್‌ಗಿಂತ ಜಾಸ್ತಿ ಇತ್ತು.

ನಮ್ಮ ಪಂದ್ಯಾಟ 2022ರ ಮಾರ್ಚ್ 12ಕ್ಕೆ ನಡೆಯಿತು. ಜನವರಿಯಲ್ಲೇ ಮಾಡುವುದಿತ್ತು, ವಾರಾಂತ್ಯದ ಕರ್ಫ್ಯೂ ಬಂದು ಮುಂದೆ ಹೋಯಿತು. ಈ ಸಲ ಪೋಸ್ಟರ್ ಪ್ರಿಂಟಿಗೆ ಕೊಟ್ಟದ್ದು ಎಂಟು ದಿನ ಇರುವಾಗ. ಗ್ಯಾಲರಿಯವರು 2020ರ ರೇಟಿಗೇ ಕಟ್ಟಿದರು, ಮುಂಗಡ ಕಳೆದು ಬಿಲ್ಲು ಕೊಟ್ಟರು. ಟಿಕೆಟ್ 71,000 ಆಯಿತು. ಟ್ರೋಫಿ ಹೊಸದು ಮಾಡಿಸಲಿಲ್ಲ. ‘2020’ರ ಮೇಲೆ ‘2022’ ಅಂತ ಸ್ಟಿಕ್ಕರ್ ಅಂಟಿಸಿದೆವು. ಬೆಳಗ್ಗೆ ಆರೂವರೆಗೆ ಗೆದ್ದ ತಂಡದ ಕ್ಯಾಪ್ಟನ್ ಟ್ರೋಫಿ ತೆಗೆದುಕೊಂಡವನು ಉಗುರಿನಲ್ಲಿ ಆ ಸ್ಟಿಕ್ಕರಿನ ಮೂಲೆ ಎಬ್ಬಿಸಿ ನೋಡಿದ. ನನ್ನ ಮುಖ ನೋಡಿ ನಕ್ಕು, ಮತ್ತೆ ಒತ್ತಿ ಅಂಟಿಸಿದ.