ಪೆರೋನಿ ಕಾಯಿಲೆ: ಆಪರೇಷನ್ ಇಲ್ಲದೆ ಬಾಗು ತಗ್ಗಿಸಿಕೊಂಡ ನನ್ನ ಅನುಭವ

ಶಿಶ್ನದ ಒಳಗಿನ ಗಟ್ಟಿ ಪೊರೆಯಲ್ಲಿ ಒಂದು ಕಡೆ ಗಾಯದ ಕಲೆಯಂಥ ಗಡಸು ಪದರ ಕಟ್ಟಿಕೊಳ್ಳುವುದೇ ಪೆರೋನಿ ಕಾಯಿಲೆ. ನಿಮಿರಿದಾಗ ಉಳಿದ ಭಾಗ ಹಿಗ್ಗುತ್ತದೆ, ಆ ಜಾಗ ಹಿಗ್ಗುವುದಿಲ್ಲ. ಹಾಗಾಗಿ ಬಾಗುತ್ತದೆ. ನನ್ನದು ಮೇಲಕ್ಕೆ ಬಾಗಿತ್ತು, ಸುಮಾರು 40 ಡಿಗ್ರಿ. ಕೈಗೆ ಸಿಗುವ ಗಂಟು, ಜೊತೆಗೆ ನೋವು. ಕ್ಯಾನ್ಸರ್ ಇರಬಹುದಾ ಅನ್ನೋ ಭಯ ನೋವಿಗಿಂತ ಜಾಸ್ತಿ ಕಾಡಿತು. ಅದಲ್ಲ ಎಂದು ಯೂರಾಲಜಿಸ್ಟ್ (ಮೂತ್ರಾಂಗ ತಜ್ಞರು) ಪರೀಕ್ಷೆ ಮಾಡಿ ಹೇಳಿದರು. ನನ್ನ ಅಂಗೈಯನ್ನೂ ತಿರುಗಿಸಿ ನೋಡಿದರು. ಬೆರಳು ಮಡಚಿಕೊಳ್ಳುವ ಡುಪ್ಯುಟ್ರೆನ್ ತೊಂದರೆ ಇರುವವರಲ್ಲಿ ಇದು ಹೆಚ್ಚಂತೆ.

ಶುರುವಿನ ತಿಂಗಳುಗಳಲ್ಲಿ ನೋವಿರುತ್ತದೆ, ಬಾಗು ಬದಲಾಗುತ್ತಲೇ ಇರುತ್ತದೆ. ಆ ಹಂತದಲ್ಲಿ ಆಪರೇಷನ್ ಮಾಡುವುದಿಲ್ಲ. ನೋವಿನ ಮಾತ್ರೆ ಕೊಟ್ಟು, ಅಳತೆ ಇಟ್ಟುಕೊಳ್ಳಿ ಎಂದರು. ನಿಮಿರಿದಾಗ ಪಕ್ಕದಿಂದ ಒಂದು, ಮೇಲಿಂದ ಒಂದು ಫೋಟೋ. ಫೋಟೋ ಮೇಲೆ ಕೋನಮಾಪಕ ಇಟ್ಟು ಡಿಗ್ರಿ ಬರೆದಿಡುವುದು. ಇದನ್ನು ಮಾತ್ರ ಯಾರೂ ಬಿಡಬೇಡಿ. ಕಣ್ಣಂದಾಜು ಮನಸ್ಸಿನ ಜೊತೆ ಏರಿಳಿಯುತ್ತದೆ.

ವಿಟಮಿನ್ ಇ ತಗೊಳ್ಳಿ ಎಂದು ಹೇಳುವವರು ಬೇಕಾದಷ್ಟು ಜನ. ಅಮೆರಿಕದ ಯೂರಾಲಜಿ ಸಂಘದ 2015ರ ಮಾರ್ಗಸೂಚಿ ಅದು ಬೇಡ ಎನ್ನುತ್ತದೆ. ಹೊರಗಿನಿಂದ ಧ್ವನಿ ತರಂಗ ಹಾಯಿಸುವ ಶಾಕ್‌ವೇವ್ ಚಿಕಿತ್ಸೆ ನೋವಿಗೆ ಆಗಬಹುದು, ಬಾಗಿಗೆ ಅಲ್ಲ. ಎರಡನ್ನೂ ನಾನು ಮಾಡಲಿಲ್ಲ.

ನನಗೆ ಕೆಲಸಕ್ಕೆ ಬಂದಿದ್ದು ಟ್ರಾಕ್ಷನ್ ಸಾಧನ. ಬುಡಕ್ಕೊಂದು ಬಳೆ, ತುದಿಯ ಹಿಂದೆ ಒಂದು ಹಿಡಿಕೆ, ನಡುವೆ ಎಳೆಯುವ ಸರಳುಗಳು. ಹಳೆಯ ಬಗೆಯದನ್ನು ದಿನಕ್ಕೆ ಗಂಟೆಗಟ್ಟಲೆ ಹಾಕಬೇಕಿತ್ತು. ನನ್ನದು ಬಾಗಿನ ಎದುರು ದಿಕ್ಕಿಗೂ ಬಗ್ಗಿಸುವಂಥದ್ದು, ಅರ್ಧ ಗಂಟೆಯ ಸರದಿ ಸಾಕು. ಹಿಡಿಕೆಯ ಕೆಳಗೆ ಮೆತ್ತನೆಯ ಬಟ್ಟೆ ಸುತ್ತಿಕೊಳ್ಳುತ್ತಿದ್ದೆ, ಇಲ್ಲದಿದ್ದರೆ ಚರ್ಮ ಜಾರಿ ಉಜ್ಜಿಹೋಗುತ್ತದೆ. ಎಳೆತ ಗೊತ್ತಾಗಬೇಕು, ನೋಯಬಾರದು. ತುದಿ ತಣ್ಣಗಾದರೆ, ನೀಲಿಗಟ್ಟಿದರೆ, ಜೋಮು ಹಿಡಿದರೆ ತಕ್ಷಣ ಬಿಚ್ಚಬೇಕು. ಹಾಕಿಕೊಂಡು ಮಲಗಲೇಬಾರದು. ಮೊದಮೊದಲು ಫೋಟೋದಲ್ಲಿ ಏನೂ ಕಾಣಲಿಲ್ಲ. ತಿಂಗಳುಗಟ್ಟಲೆ ಬಿಡದೆ ಮಾಡಿದ ಮೇಲೆ 30ಕ್ಕಿಂತ ಕೆಳಗೆ ಇಳಿಯಿತು.

ಕೊಲಾಜಿನೇಸ್ ಇಂಜೆಕ್ಷನ್ ಬಗ್ಗೆಯೂ ಮಾತಾಡಿದ್ದೆವು. ಗಡಸು ಪದರಕ್ಕೇ ಚುಚ್ಚಿ ಅದನ್ನು ಕರಗಿಸುವ ಔಷಧಿ. ಅಮೆರಿಕದಲ್ಲಿ 2013ರಲ್ಲಿ ಒಪ್ಪಿಗೆ ಸಿಕ್ಕಿತು, ಎಲ್ಲ ದೇಶಗಳಲ್ಲೂ ಸಿಗುವುದಿಲ್ಲ. ಬಾಗು ನೆಲೆ ನಿಂತು 30 ಡಿಗ್ರಿ ದಾಟಿದವರಿಗೆ ಒಟ್ಟು 8 ಇಂಜೆಕ್ಷನ್ ತನಕ ಕೊಡುತ್ತಾರೆ. ಚೆನ್ನಾಗಿ ಬಾವು ಬರುತ್ತದೆ, ಚರ್ಮದಡಿ ರಕ್ತ ಕಟ್ಟುತ್ತದೆ. ಅಪರೂಪಕ್ಕೆ ಪೊರೆಯೇ ಹರಿಯಬಹುದು, ಅದಕ್ಕೇ ಕೆಲವು ವಾರ ಸಂಭೋಗ ಬೇಡ ಎನ್ನುತ್ತಾರೆ. ನನಗೆ ಅದರ ಅಗತ್ಯ ಬೀಳಲಿಲ್ಲ.

ಹೆಂಡತಿಗೆ ಎಲ್ಲ ಹೇಳಿದ್ದು ತುಂಬಾ ಒಳ್ಳೆಯದಾಯಿತು. ಯಾವ ಭಂಗಿಯಲ್ಲಿ ನೋಯುತ್ತದೆ, ಯಾವುದರಲ್ಲಿ ಇಲ್ಲ ಎಂದು ಇಬ್ಬರೂ ಸೇರಿಯೇ ಕಂಡುಕೊಂಡೆವು. ಬಾಗು ಇನ್ನೂ ಸ್ವಲ್ಪ ಉಳಿದಿದೆ, ಆದರೆ ನೋವಿಲ್ಲ, ಸಂಭೋಗಕ್ಕೆ ಅಡ್ಡಿಯೂ ಇಲ್ಲ. ಇಷ್ಟಕ್ಕೆ ಆಪರೇಷನ್ ಬೇಡ ಎಂದು ಯೂರಾಲಜಿಸ್ಟ್ ಕೂಡ ಹೇಳಿದ್ದಾರೆ.