ಕಂಪ್ರೆಸರ್‌ಗೂ ಮೊದಲು ಕೈಯಿಂದ ವಾಲ್ಯೂಮ್: ಭಾವಗೀತೆ ಮಿಕ್ಸಿಂಗ್‌ನಲ್ಲಿ ನನ್ನ ಅನುಭವ

ಜೋರು ಸದ್ದನ್ನು ತಾನಾಗಿ ತಗ್ಗಿಸುವ ಕಂಪ್ರೆಸರ್ ಇರುವಾಗ, ಹಾಡಿದ ದನಿಯ ಅಕ್ಷರ ಅಕ್ಷರಕ್ಕೂ ವಾಲ್ಯೂಮ್ ಗೆರೆಯ ಮೇಲೆ ಪಾಯಿಂಟ್ ಹಾಕಿ ಕೈಯಿಂದ ಏರಿಳಿಸುತ್ತಾ ಕೂರುವುದು ದಂಡ ಎಂದವರೇ ಹೆಚ್ಚು. ಈಗ ನನ್ನ ಮಿಕ್ಸ್‌ಗಳಲ್ಲಿ ಸಾಹಿತ್ಯ ಮೊಬೈಲ್ ಸ್ಪೀಕರ್‌ನಲ್ಲೂ ಒಂದಕ್ಷರ ಬಿಡದೆ ಕೇಳಿಸುತ್ತದೆ. ಅದು ಹೇಗೆಂದು ಕೇಳಿದವರಿಗೆಲ್ಲ ಈ ಕೈಕೆಲಸವೇ ಉತ್ತರ.

ಎರಡು ಕಂಪ್ರೆಸರ್ ಸಾಲಾಗಿ ಹಾಕಿ 8-10 ಡಿಬಿ (ಡೆಸಿಬಲ್, ಸದ್ದಿನ ಅಳತೆ) ತಗ್ಗಿಸಿದರೆ ಚರಣದ ತಾರಸ್ಥಾಯಿ ಹಿಡಿತಕ್ಕೆ ಬರುತ್ತದೆ ನಿಜ. ಅದರ ಜೊತೆಗೇ ಉಸಿರು, ಫ್ಯಾನ್ ಸದ್ದು, ಹೆಡ್‌ಫೋನ್‌ನಿಂದ ಸೋರಿದ ತಬಲಾ ಎಲ್ಲವೂ ಮೇಲೇಳುತ್ತವೆ. ತಾನಾಗಿ ಫೇಡರ್ (ವಾಲ್ಯೂಮ್ ಏರಿಳಿಸುವ ಹಿಡಿ) ಆಡಿಸುವ ರೈಡರ್ ಪ್ಲಗಿನ್‌ಗೆ ಮೂರು ಸಾವಿರದಷ್ಟು ಸುರಿದೆ. ಅದು ಸೋತದ್ದು ನಮ್ಮ ಒತ್ತಕ್ಷರಗಳ ಮುಂದೆ. 'ಕತ್ತಲು' ಎನ್ನುವಾಗ 'ತ್ತ' ಬಿಚ್ಚಿಕೊಳ್ಳುವ ಮುಂಚೆ ಸದ್ದು ನೂರು ಮಿಲಿಸೆಕೆಂಡ್ ಆಸುಪಾಸು ನಿಂತೇ ಹೋಗುತ್ತದೆ. ದನಿ ಇಳಿಯಿತೆಂದು ರೈಡರ್ ಗೇನ್ ಏರಿಸುತ್ತದೆ, 'ತ' ಸಿಡಿಯುತ್ತದೆ. ವೇಗ ತಗ್ಗಿಸಿದರೆ, ಸಾಲಿನ ಕೊನೆಯ 'ಅಲ್ಲಿ', 'ಇಲ್ಲ' ಕರಗಿಹೋದ ಮೇಲೆ ಎಚ್ಚರಾಗುತ್ತದೆ.

ನಾನು ಬಳಸುವುದು ರೀಪರ್ ಎಂಬ ರೆಕಾರ್ಡಿಂಗ್ ಸಾಫ್ಟ್‌ವೇರ್. 'ವಿ' ಒತ್ತಿದರೆ ತೆರೆಯುವ ಎನ್ವಲಪ್ (ವಾಲ್ಯೂಮ್ ಗೆರೆ) ಎಫೆಕ್ಟ್‌ಗಳ ನಂತರದ್ದು, ಅದನ್ನೆಷ್ಟು ಎಳೆದರೂ ಕಂಪ್ರೆಸರ್‌ಗೆ ಹೋಗುವ ಮಟ್ಟ ಬದಲಾಗದು. ಬೇಕಾದ್ದು ಪ್ರೀ-ಎಫ್‌ಎಕ್ಸ್ ವಾಲ್ಯೂಮ್, ಅಂದರೆ ಎಫೆಕ್ಟ್‌ಗಳಿಗೂ ಮುಂಚಿನದು. ಪ್ರೋ ಟೂಲ್ಸ್ ಸಾಫ್ಟ್‌ವೇರ್ ಬಳಸುವವರಿಗೆ ಇದೇ ಕೆಲಸಕ್ಕೆ ಕ್ಲಿಪ್ ಗೇನ್.

ಮೊದಲು ಸಾಲು ಸಾಲಾಗಿ: ತಾರಸ್ಥಾಯಿಗೆ 4 ಡಿಬಿ ಇಳಿಕೆ, ಮಂದ್ರಕ್ಕೆ ಸುಮಾರು 3 ಏರಿಕೆ. ಆಮೇಲೆ ಅಕ್ಷರ. ಕೊನೆಯಕ್ಷರಕ್ಕೆ 3ರಿಂದ 5 ಡಿಬಿ ಏರಿಕೆ, ನಾಲ್ಕು ಪಾಯಿಂಟ್, ಏರು 20-30 ಮಿಲಿಸೆಕೆಂಡ್. 'ತ್ತ'ದಂತೆ ಸದ್ದು ನಿಲ್ಲಿಸುವ ಒತ್ತಕ್ಷರ ಇದ್ದರೆ ಏರನ್ನು ಆ ಮೌನದೊಳಗೇ ಮುಗಿಸಿ, ಕಿವಿಗೆ ಗೊತ್ತೇ ಆಗುವುದಿಲ್ಲ. ಸ್ವರದ ನಡುವೆ ಏರಿಸಿದರೆ ಯಾರೋ ನಾಬ್ ತಿರುಗಿಸಿದಂತೆ ಕೇಳುತ್ತದೆ. ಸ, ಶ, ಷಗಳಿಗೆ 4 ಡಿಬಿ ಇಳಿಸಿದರೆ, ಅವುಗಳ ಚುಚ್ಚುವ ಸದ್ದು ತಗ್ಗಿಸುವ ಡಿ-ಎಸ್ಸರ್‌ಗೆ ಹೆಚ್ಚು ಕೆಲಸ ಉಳಿಯುವುದಿಲ್ಲ. 'ಭ', 'ಘ'ಗಳ ಮೊದಲ ಸ್ಫೋಟಕ್ಕಷ್ಟೇ ಕತ್ತರಿ. ಉಸಿರನ್ನು 6 ಡಿಬಿ ಇಳಿಸಿ, ಅಳಿಸಬೇಡಿ. ಗಮಕ, ಮೀಂಡ್‌ಗಳ (ಸ್ವರದಿಂದ ಸ್ವರಕ್ಕೆ ಜಾರುವಿಕೆ) ಒಳಗಿನ ಏರಿಳಿತ ಗಾಯಕರದ್ದು, ಅದಕ್ಕೆ ಕೈ ಹಚ್ಚಲೇಬಾರದು.

ಇದೆಲ್ಲ ಸೋಲೋದಲ್ಲಿ, ಅಂದರೆ ದನಿಯೊಂದನ್ನೇ ಕೇಳುತ್ತಾ, ಆಗುವ ಕೆಲಸವಲ್ಲ. ತಬಲಾ, ತಂಬೂರಿ ಹಾಕಿಕೊಂಡು, ಒಂದೇ ಸ್ಪೀಕರ್‌ನಲ್ಲಿ, ಮಾತಾಡುವ ದನಿಗಿಂತ ಮೆಲ್ಲಗೆ ಕೇಳಿಕೊಂಡೇ ಪಾಯಿಂಟ್ ಹಾಕಬೇಕು. ಇಷ್ಟಾದ ಮೇಲೆ ಒಂದೇ ಕಂಪ್ರೆಸರ್, ಅನುಪಾತ 3:1, ಸೂಜಿ 2-3 ಡಿಬಿ ಅಲುಗಿದರೆ ಸಾಕು. ಕೊನೆಗೆ, ಫೇಡರ್ ಮುಟ್ಟಿದಾಗಷ್ಟೇ ಬದಲಾವಣೆ ಬರೆದುಕೊಳ್ಳುವ ಟಚ್ ಮೋಡ್‌ನಲ್ಲಿ ಫೇಡರ್ ಹಿಡಿದು ಒಂದೊಂದು ಡಿಬಿಯ ತಿದ್ದುಪಡಿ.

ಎಲ್ಲ ಅಕ್ಷರಗಳನ್ನೂ ಸಾಫ್ಟ್‌ವೇರ್‌ನಿಂದಲೇ ಒಂದೇ ಮಟ್ಟಕ್ಕೆ ತಂದೂ ನೋಡಿದೆ. ರೈಲ್ವೆ ಸ್ಟೇಷನ್ ಅನೌನ್ಸ್‌ಮೆಂಟ್‌ನಂತಾಯಿತು, ಕೈಬಿಟ್ಟೆ. ಆದರೆ ಗಾಯಕರ ದನಿ ಬಂದಾಗಲೆಲ್ಲ ಕೊಳಲಿನ ಟ್ರ್ಯಾಕ್ ಸೈಡ್‌ಚೈನ್‌ನಿಂದ (ಒಂದು ಟ್ರ್ಯಾಕ್‌ನ ಸದ್ದು ಇನ್ನೊಂದನ್ನು ತಗ್ಗಿಸುವ ಜೋಡಣೆ) ಒಂದೂವರೆ ಡಿಬಿ ತಗ್ಗುವಂತೆ ಮಾಡಿದ್ದು ಭಲೇ ಉಪಯೋಗಕ್ಕೆ ಬಂತು, ದನಿಯನ್ನು ಅಷ್ಟು ಎತ್ತಬೇಕಾದ ಪ್ರಮೇಯವೇ ಬರಲಿಲ್ಲ. ಯುಗಳಗೀತೆಯಲ್ಲಿ ಎರಡು ದನಿ ಸೇರುವಲ್ಲಿ ನಾನು ಮಾಡುವ ಜೋಡಣೆಯನ್ನು ಮಾತ್ರ ಇಲ್ಲಿ ಬಿಚ್ಚಿಡುವುದಿಲ್ಲ.

ನಾಲ್ಕೂವರೆ ನಿಮಿಷದ ಹಾಡಿಗೆ ಎರಡೂವರೆ ಗಂಟೆ ಹಿಡಿಯುತ್ತದೆ. ಕೊನೆಯಕ್ಷರ ನುಂಗಿದ್ದಕ್ಕೆ ಮತ್ತೆ ಹಾಡಿಸಲು ರೆಕಾರ್ಡಿಂಗ್ ಬೂತ್‌ಗೆ ಗಂಟೆಗೆ ಏಳುನೂರು, ಎಂಟುನೂರು ತೆರುವುದು ತಪ್ಪಿತಲ್ಲ, ಲೆಕ್ಕ ಸರಿಹೋಗುತ್ತದೆ. ಶುರು ಮಾಡುವ ಮುಂಚೆ ರೀಪರ್‌ನ ಆಪ್ಷನ್ಸ್‌ನಲ್ಲಿ, ಐಟಂ (ಟ್ರ್ಯಾಕ್‌ನ ಆಡಿಯೊ ತುಂಡು) ಜೊತೆ ಎನ್ವಲಪ್ ಪಾಯಿಂಟ್‌ಗಳೂ ಸರಿಯುವಂತೆ ಟಿಕ್ ಹಾಕಿಕೊಳ್ಳಿ. ಇಲ್ಲದಿದ್ದರೆ ಪಲ್ಲವಿಯನ್ನು ಒಂದು ಆವರ್ತ ಮುಂದೆ ಸರಿಸಿದ ಕೂಡಲೇ ಅಷ್ಟೂ ಪಾಯಿಂಟ್ ಹಳೆಯ ಜಾಗದಲ್ಲೇ ಉಳಿದುಬಿಡುತ್ತವೆ.