ಮೂನ್ ರಾಸ್ ತರುವ ಮೊದಲು ಮುಚ್ಚಳ ಮಾಡಿಸಿ

ಮೂನ್ ರಾಸ್ ಅಂದರೆ ಉಪ್ಪುನೀರಿನ ಅಕ್ವೇರಿಯಂನಲ್ಲಿ ಸಾಕುವ ಒಂದು ಸಮುದ್ರ ಮೀನು. ಅಂಗಡಿಯಲ್ಲಿ ಇದರ ಎರಡು ಮೂರು ಇಂಚಿನ ಮರಿ ನೋಡಿ ಮರುಳಾಗುವವರೇ ಜಾಸ್ತಿ. ಹಸಿರು ಮೈ, ಬಾಲದ ಬುಡದಲ್ಲಿ ಒಂದು ಕಪ್ಪು ಚುಕ್ಕೆ, ಒಂದು ಕ್ಷಣವೂ ನಿಲ್ಲದ ಓಡಾಟ. ಆದರೆ ಇದು ಬೆಳೆದು ಸುಮಾರು 25 ಸೆಂ.ಮೀ. ಆಗುತ್ತದೆ. ಮುಖದ ಮೇಲೆ ಗುಲಾಬಿ ಪಟ್ಟೆ, ಬಾಲದ ನಡುವೆ ಹಳದಿ ಅರ್ಧಚಂದ್ರ ಎಲ್ಲ ಆಮೇಲೆ ಬರುವುದು. ನಮ್ಮ ಲಕ್ಷದ್ವೀಪದ ಹವಳದ ದಿಬ್ಬಗಳಲ್ಲೂ ಇರುವ ಮೀನೇ ಇದು. ಇದನ್ನು ಬದುಕಿಸಿಕೊಳ್ಳುವುದು ಕಷ್ಟವೇ ಅಲ್ಲ, ಒಳ್ಳೆ ಗಟ್ಟಿ ಜೀವ. ಕಷ್ಟ ಇರುವುದು ಅದರ ಜೊತೆಗಿರುವವರಿಗೆ.

ಟ್ಯಾಂಕ್ ಕನಿಷ್ಠ 6 ಅಡಿ ಉದ್ದ ಇರಲಿ. ಎತ್ತರ ಜಾಸ್ತಿ ಮಾಡಿಸಿ ಉಪಯೋಗವಿಲ್ಲ, ಇದಕ್ಕೆ ಬೇಕಿರುವುದು ಓಡುವ ಜಾಗ. ಹಾಗಾಗಿ ಕಲ್ಲುಗಳನ್ನು ಗೋಡೆಯ ಹಾಗೆ ಉದ್ದಕ್ಕೂ ಪೇರಿಸದೆ ಎರಡು ಗುಡ್ಡೆ ಮಾಡಿ, ಸುತ್ತಲೂ ಖಾಲಿ ಬಿಡಿ. ಗುಡ್ಡೆಯಲ್ಲಿ ಸಂದಿಗಳಿರಲಿ, ರಾತ್ರಿ ಅಲ್ಲೇ ಸೇರಿಕೊಂಡು ಮಲಗುತ್ತದೆ. 6x2x2 ಅಡಿ ಟ್ಯಾಂಕಿಗೆ ಸುಮಾರು 680 ಲೀಟರ್ ನೀರು ಹಿಡಿಯುತ್ತದೆ, ಅಂದರೆ ನೀರೊಂದೇ 680 ಕೆ.ಜಿ.ಗೂ ಜಾಸ್ತಿ. ಮೇಲಿನ ಮಹಡಿಯ ಫ್ಲ್ಯಾಟ್ ಆದರೆ ಮೊದಲು ಇಂಜಿನಿಯರ್ ಒಬ್ಬರನ್ನು ಕೇಳಿಬಿಡಿ.

ಮುಚ್ಚಳದ ವಿಷಯದಲ್ಲಿ ಮಾತ್ರ ರಾಜಿ ಬೇಡ. ಬೆದರಿದರೆ ಸಾಕು, ಹಾರುತ್ತದೆ. ಅಲ್ಯೂಮಿನಿಯಂ ಫ್ರೇಮಿಗೆ ನೈಲಾನ್ ಬಲೆ ಕಟ್ಟಿಸಿದರೆ ಗಾಳಿಯೂ ಆಡುತ್ತದೆ, ಬೆಳಕೂ ಬೀಳುತ್ತದೆ. ಪೈಪ್ ಮತ್ತು ವೈರ್ ಇಳಿಯುವ ಮೂಲೆಯಲ್ಲಿ ಒಂದು ಸಂದು ಉಳಿದಿರುತ್ತೆ ನೋಡಿ, ಅದನ್ನೂ ಮುಚ್ಚಿ. ಅಷ್ಟು ಸಣ್ಣ ಜಾಗದಲ್ಲಿ ಹೇಗೆ ಹೋಗುತ್ತೆ ಅನ್ನಬೇಡಿ, ಹೋಗುತ್ತೆ.

ನೀರಿಗೆ ವಿಶೇಷವೇನಿಲ್ಲ. ಉಷ್ಣತೆ 25–26 ಡಿಗ್ರಿ, ಉಪ್ಪಿನ ಅಳತೆ (ಸ್ಪೆಸಿಫಿಕ್ ಗ್ರಾವಿಟಿ) 1.025ರ ಆಸುಪಾಸು. ಬೋರ್‌ವೆಲ್ ನೀರಿಗೆ ನೇರವಾಗಿ ಉಪ್ಪು ಕಲಸಬೇಡಿ, ಆರ್‌ಓ ಡಿಐ ನೀರೇ (ಫಿಲ್ಟರಿನಲ್ಲಿ ಲವಣಗಳನ್ನೆಲ್ಲ ತೆಗೆದ ಶುದ್ಧ ನೀರು) ಬೇಕು. ಜಾಸ್ತಿ ತಿನ್ನುವ ಮೀನು, ಜಾಸ್ತಿ ಗಲೀಜೂ ಮಾಡುತ್ತದೆ, ಆದ್ದರಿಂದ ಸ್ಕಿಮ್ಮರ್ (ಗಲೀಜನ್ನು ನೊರೆಯ ಜೊತೆ ಹೊರಹಾಕುವ ಯಂತ್ರ) ನಿಮ್ಮ ಟ್ಯಾಂಕಿಗೆ ಹೇಳಿದ್ದಕ್ಕಿಂತ ಒಂದು ಸೈಜ್ ದೊಡ್ಡದೇ ಹಾಕಿ.

ಊಟ ದಿನಕ್ಕೆ ಎರಡು ಮೂರು ಸಲ. ಮೀನು ಮಾರ್ಕೆಟ್ಟಿನ ಸಿಗಡಿ, ಬೊಂಡಾಸ್ (ಸ್ಕ್ವಿಡ್) ತಂದು ಚೆನ್ನಾಗಿ ತೊಳೆದು, ಸಣ್ಣಗೆ ಹೆಚ್ಚಿ ಫ್ರೀಜರಿನಲ್ಲಿಡಿ. ಉಪ್ಪು, ಅರಿಶಿನ ಹಚ್ಚಿಟ್ಟದ್ದು ಬೇಡ. ಸಿಗಡಿ ಒಂದನ್ನೇ ಹಾಕುತ್ತಾ ಹೋಗದೆ, ಮೈಸಿಸ್ (ಸಿಗಡಿಯಂಥ ಪುಟ್ಟ ಜೀವಿ, ಫ್ರೋಜನ್ ಆಹಾರವಾಗಿ ಸಿಗುತ್ತದೆ) ಮತ್ತು ಒಳ್ಳೆ ಪೆಲೆಟ್ ಕೂಡ ಬದಲಿಸಿ ಬದಲಿಸಿ ಕೊಡಿ, ಆಗಾಗ ವಿಟಮಿನ್ ಹನಿಯಲ್ಲಿ ನೆನೆಸಿ. ತುಂಡು ದೊಡ್ಡದಾಯಿತೆನ್ನಿ, ಬಾಯಲ್ಲಿ ಕಚ್ಚಿಕೊಂಡು ಕಲ್ಲಿನ ಹತ್ತಿರ ಹೋಗಿ, ತಲೆಯನ್ನು ಪಕ್ಕಕ್ಕೆ ಝಾಡಿಸಿ ಬಡಿಯುತ್ತದೆ, ಅಗಸ ಬಟ್ಟೆ ಒಗೆದ ಹಾಗೆ. ಎಡಕ್ಕೊಂದು, ಬಲಕ್ಕೊಂದು. ಒಡೆದ ಮೇಲೆ ಚೂರು ಆರಿಸಿ ತಿನ್ನುತ್ತದೆ. ನೋಡೋಕೆ ಮಜಾ. ನೀವು ದುಡ್ಡು ಕೊಟ್ಟು ತಂದ ಕ್ಲೀನರ್ ಸಿಗಡಿ, ಹರ್ಮಿಟ್ ಏಡಿ, ಬಸವನಹುಳುಗಳಿಗೂ ಇದೇ ಗತಿ ಅನ್ನೋದು ನೆನಪಿರಲಿ. ಹವಳವನ್ನು ತಿನ್ನುವುದಿಲ್ಲ, ಆದರೆ ಹುಳ ಹುಡುಕುತ್ತಾ ಅಂಟಿಸದ ತುಂಡುಗಳನ್ನು ಉರುಳಿಸಿಬಿಡುತ್ತದೆ.

ಜೊತೆಗೆ ಟ್ಯಾಂಗ್, ರ‍್ಯಾಬಿಟ್ ಫಿಶ್, ದೊಡ್ಡ ಏಂಜೆಲ್ ಇದ್ದರೆ ನಡೆಯುತ್ತದೆ. ಫೈರ್‌ಫಿಶ್, ಚಿಕ್ಕ ಗೋಬಿ, ಫೇರಿ ರಾಸ್ ಬೇಡವೇ ಬೇಡ. ಇದನ್ನು ಎಲ್ಲಕ್ಕಿಂತ ಕೊನೆಗೆ ಬಿಡಿ, ಮೊದಲೇ ಬಿಟ್ಟರೆ ಇಡೀ ಟ್ಯಾಂಕ್ ತನ್ನದೇ ಅಂದುಕೊಳ್ಳುತ್ತದೆ. ಒಂದೇ ಸಾಕು. ಹೆಣ್ಣು ತಂದರೂ ಮುಂದೆ ಅದು ಗಂಡಾಗಿ ಬದಲಾಗಬಹುದು, ಆಗ ಮೈಯ ನೀಲಿಯ ಜೊತೆ ಜಗಳವೂ ಏರುತ್ತದೆ.

ಬಿಡುವ ಮುಂಚೆ ರೋಗ ಇದೆಯೇ ಎಂದು ನೋಡಲು ನಾಲ್ಕು ವಾರ ಬೇರೆ ಟ್ಯಾಂಕಿನಲ್ಲಿಡಿ, ಅದಕ್ಕೂ ಮುಚ್ಚಳ ಬೇಕು. ಅಡಗಲು ಒಂದು ಪಿವಿಸಿ ಪೈಪ್ ತುಂಡು ಹಾಕಿ. ರಾಸ್ ಗುಂಪಿನ ಮೀನುಗಳಿಗೆ ಕಾಪರ್ (ತಾಮ್ರದ) ಔಷಧ ಸುಲಭವಾಗಿ ಒಗ್ಗುವುದಿಲ್ಲ, ರೋಗ ಕಾಣದೆ ಸುಮ್ನೆ ಸುರಿಯಬೇಡಿ. ಹೊಸ ಜಾಗದಲ್ಲಿ ಒಂದೆರಡು ದಿನ ಮುಖವನ್ನೇ ತೋರಿಸದಿದ್ದರೆ ಗಾಬರಿ ಬೇಡ, ಕಲ್ಲು ಎತ್ತಿ ಹುಡುಕಲೂ ಬೇಡ.

ಮುಂದೆ ಹೊರಗೆ ತೆಗೆಯಬೇಕಾಗಿ ಬಂದರೆ ಬಲೆ ಹಿಡಿದು ಓಡಿಸಬೇಡಿ, ಸಿಗಲ್ಲ. ಅಕ್ರಿಲಿಕ್ ಬೋನನ್ನು ಬಾಗಿಲು ತೆರೆದು ಒಳಗಿಟ್ಟು, ಕೆಲವು ದಿನ ಅದರೊಳಗೇ ಊಟ ಹಾಕಿ. ಧೈರ್ಯವಾಗಿ ಹೋಗಿ ಬರಲು ಶುರು ಮಾಡಿದ ಮೇಲೆ ದಾರ ಎಳೆದು ಬಾಗಿಲು ಬೀಳಿಸಿ.